ಚಟಾಕಿಗೆ ಐವತ್ತು ಗ್ರಾಂ

ಗಜೇಂದ್ರಗಡದ ನೇಕಾರರ ಓಣಿಯ ಆ ಮನೆಗೆ ಎರಡು ಹೆಸರಿದ್ದವು. ಸೀರೆ ಕೊಳ್ಳಲು ಬರುವ ಸಾಹುಕಾರರು ಅದನ್ನು ಮುದಿಯಪ್ಪನ ಮನೆ ಎನ್ನುತ್ತಿದ್ದರು. ಹೆಂಗಸರೆಲ್ಲ ವೀರವ್ವನ ಮನೆ ಎನ್ನುತ್ತಿದ್ದರು. ಗಂಡ ಹೊರಕೋಣೆಯ ಕುಣಿಮಗ್ಗದಲ್ಲಿ ಇಳಿದು ಕೂತು ನೇಯುತ್ತಿದ್ದರೆ, ಹೆಂಡತಿ ಹಿತ್ತಲ ಒಲೆಯ ಮೇಲೆ ತಲೆಗೆ ಹಚ್ಚುವ ಎಣ್ಣೆ ಕಾಯಿಸುತ್ತಿದ್ದಳು. ಬಾಣಂತಿಯರಿಗೆ, ಕೂದಲು ಉದುರುವವರಿಗೆ, ಮದುವೆಗೆ ನಿಂತ ಹುಡುಗಿಯರಿಗೆ ವೀರವ್ವನ ಎಣ್ಣೆಯೇ ಬೇಕು.

ಎಳ್ಳೆಣ್ಣೆಗೆ ಔಡಲೆಣ್ಣೆ ಬೆರೆಸಿ, ನೆಲ್ಲಿಕಾಯಿ ರಸ, ಗರಗದ ಸೊಪ್ಪಿನ ರಸ ಹಾಕಿ ಕಾಯಿಸುವುದು. ನೀರು ಸುಟ್ಟು ಸದ್ದು ನಿಂತ ಮೇಲೆ ಚಿತ್ರಮೂಲದ ಬೇರಿನ ಪುಡಿ. ಆ ಪುಡಿ ಹಾಕುವಾಗ ವೀರವ್ವ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಹದದಲ್ಲಿ ಬಿದ್ದರೆ ತಲೆ ಬೆಚ್ಚಗಾಗುತ್ತದೆ, ಹದ ತಪ್ಪಿದರೆ ಚರ್ಮ ಸುಡುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಎಲ್ಲಕ್ಕೂ ಒಂದೇ ಅಳತೆ, ಸೇರಿನ ಹದಿನಾರನೇ ಪಾಲು ಹಿಡಿಯುವ ಚಟಾಕಿನ ಹಿತ್ತಾಳೆ ಬಟ್ಟಲು. ಕಾಯಿಸಲು ಅಳೆಯುವುದೂ ಅದರಲ್ಲೇ, ಮಾರಲು ಅಳೆಯುವುದೂ ಅದರಲ್ಲೇ. ಯಾರಾದರೂ ಬಾಟಲಿ ಹಿಡಿದು ಬಂದರೆ ಬಟ್ಟಲು ತುಂಬಿ ಹೊಯ್ದು, ಆಮೇಲೆ ಮತ್ತೊಂದಿಷ್ಟು ಕೊಸರು ಹಾಕುತ್ತಿದ್ದಳು. ಕೊಸರು ಹಾಕುವಾಗ ಅವಳ ಮುಖ ನೋಡಬೇಕಿತ್ತು, ಊರಿಗೇ ಊಟ ಬಡಿಸುವವಳ ಹಾಗೆ.

ಹೊಸ ಪೈಸೆ ಬಂದು ಜನ ಇನ್ನೂ ಆಣೆಯ ಲೆಕ್ಕ ಮರೆಯುವ ಮೊದಲೇ ಕಿಲೋ ತೂಕ ಬಂತು. ಆ ವರ್ಷದ ಕಾರ್ತಿಕದಲ್ಲಿ ಮಗ ಗುರುಸಂಗಪ್ಪ ರೋಣದಿಂದ ಬಸ್ಸಿಳಿದು ಬಂದವನು, ಕಾಲು ತೊಳೆಯುವುದಕ್ಕೂ ಮೊದಲೇ ಹೇಳಿದ.

"ಯವ್ವಾ, ರೋಣದ ಪ್ಯಾಟ್ಯಾಗ ಅಂದಾನಪ್ಪ ಸಾವ್ಕಾರ್ರು ಹತ್ತು ಸೇರು ಎಣ್ಣಿ ಕೇಳ್ಯಾರ. ಗದಗಿಗೂ ಕಳಸ್ತಾರಂತ. ಆದ್ರ ಅಳತೀಲೆ ಬ್ಯಾಡಂತ, ತೂಕದ್ಲೇ ಬೇಕಂತ. ಬಾಟ್ಲಿ ಮ್ಯಾಲೆ ಇಷ್ಟು ಗ್ರಾಂ ಅಂತ ಚೀಟಿ ಹಚ್ಚಬೇಕಂತ."

"ಎಣ್ಣಿ ಯಾರರ ತೂಗ್ತಾರೇನೊ? ಎಣ್ಣಿ ಅಳೀತಾರ."

"ಇನ್ನ ಮ್ಯಾಲೆ ಅವರ ಅಂಗಡ್ಯಾಗ ಎಲ್ಲಾ ತೂಕಾನ. ಸರಕಾರದ ಕಾಯ್ದೆ ಐತಿ."

"ಹಂಗಾರ ಕೊಸರು ಎಷ್ಟು ಗ್ರಾಂ ಅಂತ ನಿನ್ನ ಸರಕಾರಾನ ಕೇಳಿ ಬಾ."

ಮಗ್ಗದ ಕುಣಿಯಲ್ಲಿ ಕೂತಿದ್ದ ಮುದಿಯಪ್ಪ ನಕ್ಕ. ರೊಟ್ಟಿ ಬಡಿಯುತ್ತಿದ್ದ ಸೊಸೆ ಕಲ್ಲವ್ವನೂ ನಕ್ಕಳು. ಗುರುಸಂಗಪ್ಪ ಮಾತ್ರ ನಗಲಿಲ್ಲ. ಗಂಡ ನೇಯ್ದ ಸೀರೆಗಳು ಎರಡು ತಿಂಗಳಿಂದ ಕೊಳ್ಳುವವರಿಲ್ಲದೆ, ಮಡಿಕೆ ಬಿಚ್ಚದೆ ಗಳದ ಮೇಲೆ ಕೂತಿದ್ದು ವೀರವ್ವನಿಗೂ ಗೊತ್ತಿತ್ತು. ಮಗಳು ಚೌಡವ್ವನಿಗೆ ಜಕ್ಕಲಿಯ ವರ ಗೊತ್ತಾಗಿತ್ತು. ಯುಗಾದಿ ಕಳೆದ ಮೇಲೆ ಮದುವೆ. ರೋಣದ ಎಣ್ಣೆಯ ಗಿರಾಕಿಯನ್ನು ಬೇಡವೆನ್ನುವ ಹಾಗಿರಲಿಲ್ಲ.

"ಸಾವ್ಕಾರ್ರು ನಮ್ಮ ಎಣ್ಣಿ ತೂಗಿ ತೋರಿಸಿದ್ರು," ಗುರುಸಂಗಪ್ಪ ಅಂದ. "ಒಂದು ಚಟಾಕಿಗೆ ಐವತ್ತು ಗ್ರಾಂ ಬರ್ತೈತಿ. ಮ್ಯಾಲೆ ಒಂಚೂರು."

ಕಲ್ಲವ್ವ ತನ್ನ ತವರು ಬೆಳವಣಕಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿದ ಹುಡುಗಿ. ಕೈಯ ಹಿಟ್ಟು ಕೊಡವಿ ಲೆಕ್ಕ ಹಾಕಿದಳು. "ಹಂಗಾರ ಭಾಳ ತ್ರಾಸಿಲ್ಲರಿ ಅತ್ತಿ. ಒಂದು ಸೇರಿಗೆ ಎಂಟನೂರು ಗ್ರಾಂ. ಎಲ್ಲಾ ತೂಕದ್ಲೇ ಹಾಕಿ ಕಾಸಿದ್ರ ಪ್ರತೀ ಸಲಾನೂ ಒಂದ ನಮೂನಿ ಬರ್ತೈತಿ."

"ಅಂದ್ರ ಇಷ್ಟ ದಿನ ಒಂದ ನಮೂನಿ ಬರತಿದ್ದಿಲ್ಲನು?"

"ಹಂಗಲ್ಲರಿ..."

"ತ್ರಾಸಿಲ್ಲಲ್ಲ? ಹಂಗಾರ ನೀನ ಮಾಡು. ನನ್ನ ಬಟ್ಲ ಮುಟ್ಟಬ್ಯಾಡ."

ವೀರವ್ವ ಎದ್ದುಹೋಗಿ ಬಟ್ಟಲನ್ನು ತನ್ನ ಸಂದೂಕಿನೊಳಗಿಟ್ಟು ಕೀಲಿ ಹಾಕಿದಳು. ಗುರುಸಂಗಪ್ಪ, "ಇದೇನ ಯವ್ವಾ ಸಣ್ಣ ಹುಡುಗರಂಗ?" ಎಂದ. ಮುದಿಯಪ್ಪ, "ಸಿಟ್ಟು ಇಳೀಲಿ ಬಿಡು," ಎಂದ. ಆ ದಿನ ಬದನೀಕಾಯಿ ಪಲ್ಯ ಚಲೋ ಆಗಿತ್ತು. ಆದರೂ ವೀರವ್ವ ಅರ್ಧ ರೊಟ್ಟಿಗೇ ಕೈ ತೊಳೆದಳು.

ಸಿಟ್ಟು ಇಳಿಯಲಿಲ್ಲ. ಎಣ್ಣೆ, ಪುಡಿ, ಬಾಟಲಿ ಎಲ್ಲವನ್ನೂ ಗುರುಸಂಗಪ್ಪ ತಂದುಹಾಕಿದ. ಅಂದಾನಪ್ಪನ ಅಂಗಡಿಯಿಂದಲೇ ಒಂದು ತಕ್ಕಡಿಯನ್ನೂ ಹೊಸ ತೂಕದ ಕಲ್ಲುಗಳನ್ನೂ ಕೇಳಿ ತಂದ. ಎಣ್ಣೆ ಕಾಯಿಸುವ ದಿನ ವೀರವ್ವ ಹಿತ್ತಲ ಬಾಗಿಲಲ್ಲೇ ಮೊರ ಹಿಡಿದುಕೊಂಡು ಅಕ್ಕಿ ಹಸನ ಮಾಡುತ್ತಾ ಕೂತಳು. ಒಳಗೂ ಹೋಗಲಿಲ್ಲ, ಒಲೆಯ ಹತ್ತಿರವೂ ಬರಲಿಲ್ಲ.

ಕಲ್ಲವ್ವ ಒಂದೊಂದನ್ನೇ ಕೇಳಿ ಕೇಳಿ ಹಾಕಿದಳು. ವೀರವ್ವ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು, ಅದೂ ತಲೆ ಎತ್ತದೆ.

"ನೆಲ್ಲಿಕಾಯಿ ರಸ ಎಷ್ಟರಿ ಅತ್ತಿ?"

"ಸೇರಿಗೆ ನಾಕು ಚಟಾಕು."

"ಚಿತ್ರಮೂಲದ ಪುಡಿ?"

"ಸೇರಿಗೆ ಒಂದು ಚಟಾಕು."

"ಹತ್ತು ಸೇರಿಗೆ ಹತ್ತು ಚಟಾಕು. ಅಂದ್ರ ಐನೂರು ಗ್ರಾಂ, ಅರ್ಧ ಕಿಲೋ." ಕಲ್ಲವ್ವ ತಕ್ಕಡಿಯ ಒಂದು ತಟ್ಟೆಗೆ ಅರ್ಧ ಕಿಲೋದ ಕಲ್ಲಿಟ್ಟು ಇನ್ನೊಂದಕ್ಕೆ ಪುಡಿ ಸುರಿಯತೊಡಗಿದಳು. ತಟ್ಟೆ ತುಂಬಿತು, ಮುಳ್ಳು ಅಲುಗಲಿಲ್ಲ. ತುಂಬಿದ್ದನ್ನು ತೆಗೆದು, ಸಣ್ಣ ಕಲ್ಲಿಟ್ಟು ಸ್ವಲ್ಪ ಸ್ವಲ್ಪವೇ ತೂಗಿ, ಅರ್ಧ ಕಿಲೋ ಆಗುವವರೆಗೆ ಅಗಲವಾದ ಪರಾತಕ್ಕೆ ಬಗ್ಗಿಸಿದಳು. ಪರಾತದಲ್ಲಿ ಕಂದುಬಣ್ಣದ ಗುಡ್ಡೆ ಎದ್ದಿತು.

ವೀರವ್ವ ಆ ಗುಡ್ಡೆಯನ್ನು ನೋಡಿದಳು. ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಅದು ಹತ್ತು ಬಟ್ಟಲಲ್ಲ, ಇಪ್ಪತ್ತರ ಮೇಲೆ ಇತ್ತು. ಬಟ್ಟಲು ತುಂಬ ಎಣ್ಣೆ ಐವತ್ತು ಗ್ರಾಂ ತೂಗುತ್ತಿದ್ದುದು ನಿಜ. ಅದೇ ಬಟ್ಟಲು ತುಂಬ ಹಗುರವಾದ ಬೇರಿನ ಪುಡಿ ಇಪ್ಪತ್ತು ಗ್ರಾಂ ತೂಗಿದರೆ ಹೆಚ್ಚು. ವೀರವ್ವನಿಗೆ ಗ್ರಾಮಿನ ಲೆಕ್ಕ ಬಾರದು. ಆದರೆ ಮೂವತ್ತು ವರ್ಷ ಅಳೆದ ಕಣ್ಣು ಅದು.

ಬಾಯಿ ತೆರೆದರೆ ಒಂದು ಮಾತು ಸಾಕಿತ್ತು. ತೆರೆಯಲಿಲ್ಲ. ಎಣ್ಣೆ ಕಪ್ಪಾಗಿ ಘಾಟು ಹೊಡೆಯುತ್ತದೆ, ಅಂದಾನಪ್ಪ ಮೂಸಿ ನೋಡಿ ಹೊಳ್ಳಿ ಕಳಿಸುತ್ತಾನೆ, ಆಗ ಮಗ ಬಂದು, ಯವ್ವಾ ಬಟ್ಲ ತಗಿ ಅನ್ನುತ್ತಾನೆ. ಅವಳ ಮನಸ್ಸು ಅಲ್ಲಿಯವರೆಗೆ ಓಡಿತು, ಮುಂದಕ್ಕೆ ಓಡಲಿಲ್ಲ.

ಪುಡಿ ಹಾಕುವ ಮುಂಚೆ ಕಲ್ಲವ್ವ ಪರಾತ ಎತ್ತಿಕೊಂಡು ಒಂದು ಕ್ಷಣ ಅತ್ತೆಯ ಕಡೆಗೆ ನೋಡಿದಳು. ವೀರವ್ವ ಮೊರದ ಅಕ್ಕಿಗೆ ಕಣ್ಣಿಳಿಸಿ ಹರಳು ಆರಿಸಿದಳು.

ಮರುದಿನ ಮುಂಜಾನೆ ವೀರವ್ವ ಹಿಂದಿನ ಓಣಿಯ ರಾಜಮಾಳ ಮನೆಗೆ ಹೋದಳು. ರಾಜಮಾಳ ಮಗಳು ಹಡೆದು ಹತ್ತು ದಿನವಾಗಿತ್ತು. ಕೂಸಿಗೆ ಎಣ್ಣೆ ತಿಕ್ಕಿ ಎರೆಯುವುದಕ್ಕೆ ವೀರವ್ವನ ಕೈಯೇ ಬೇಕೆಂದು ಕರೆದಿದ್ದರು. ಹಳೆಯ ಎಣ್ಣೆಯ ಬಾಟಲಿಯನ್ನೇ ಒಯ್ದಿದ್ದಳು. ಅಲ್ಲೇ ಚಹಾ ಕುಡಿದು, ಮಾತಾಡಿ, ಬಿಸಿಲೇರಿದ ಮೇಲೆ ಮನೆಗೆ ಬಂದರೆ ಬಚ್ಚಲಲ್ಲಿ ಚೌಡವ್ವನ ಕೂಗು.

"ಉರಿ! ವೈನೀ, ಇನ್ನೊಂದು ತಂಬಗಿ ಹಾಕು! ಬೆಂಕಿ ಇಟ್ಟಂಗ ಆಗೇತಿ!"

ಅತ್ತಿಗೆ ಕಲ್ಲವ್ವ ನೀರು ಸುರಿಯುತ್ತಿದ್ದಳು. ಅವಳ ಸೀರೆಯೆಲ್ಲ ತೊಯ್ದಿತ್ತು. "ಮೊದಲನೇ ಎಣ್ಣಿ ಮನಿ ಮಗಳಿಗೆ ಹಚ್ಚೋಣಂತ ಮುಂಜಾನೆ ಹಚ್ಚಿದ್ನ್ರಿ ಅತ್ತಿ. ನಾಳೆ ಜಕ್ಕಲಿ ಬೀಗರು ಬರವರು ಅದಾರಲ್ಲ. ಚಲೋ ತಿಕ್ಕಿದೆ. ಸ್ವಲ್ಪ ಉರೀತಂದ್ಲು, ಬೆಚ್ಚಗ ಆಗೋದು ನಿಮ್ಮ ಎಣ್ಣಿ ಗುಣ ಅಂದೆ..."

ವೀರವ್ವ ಮಗಳ ಕೂದಲು ಬಿಡಿಸಿ ನೋಡಿದಳು. ಬೈತಲೆಯ ಉದ್ದಕ್ಕೂ ಚರ್ಮ ಕೆಂಪಗೆ ಉಬ್ಬಿತ್ತು. ಹೆಸರುಹಿಟ್ಟು ಹಚ್ಚಿ ತೊಳೆದಳು, ಮಜ್ಜಿಗೆ ಸುರಿದಳು, ಬೆಣ್ಣೆ ಸವರಿದಳು. ಸಂಜೆಯ ಹೊತ್ತಿಗೆ ನೆತ್ತಿಯ ಮೇಲೆ, ಕಿವಿಯ ಹಿಂದೆ, ಹಿಂಗತ್ತಿನವರೆಗೂ ಬೊಬ್ಬೆಗಳೆದ್ದವು.

ದವಾಖಾನೆಯ ಡಾಕ್ಟರು ನೋಡಿ, ಕೂದಲು ಇರುವವರೆಗೆ ಗಾಯ ಒಣಗುವುದಿಲ್ಲ, ಕೀವಾಗುತ್ತದೆ, ಇವತ್ತೇ ತೆಗೆಸಬೇಕು ಎಂದರು. ಹಡಪದ ನಿಂಗಪ್ಪನನ್ನು ಕರೆಸಿದರು. ಅವನು ಹಿತ್ತಲಲ್ಲಿ ಕೂತು ಕತ್ತಿ ಹಿಡಿದುಕೊಂಡೇ ಮುದಿಯಪ್ಪನ ಕಡೆ ನೋಡಿದ.

"ಮುದಿಯಪ್ಪಣ್ಣ, ಮದುವಿ ಆಗೂ ಹುಡುಗಿ ತಲಿಗೆ ನಾ ಹ್ಯಾಂಗ ಕತ್ತಿ ಹಚ್ಚಲಿ?"

"ಹಚ್ಚಪಾ," ಮುದಿಯಪ್ಪ ಅಂದ. "ಹುಡುಗಿ ಉಳದ್ರ ಸಾಕು."

ಚೌಡವ್ವ ಅಳಲಿಲ್ಲ. ಮೊಣಕಾಲಿಗೆ ಮುಖ ಒತ್ತಿಕೊಂಡು ಕೂತಿದ್ದಳು. ಸೊಂಟದ ಕೆಳಗೆ ಬರುತ್ತಿದ್ದ ಕೂದಲು ಹಳೆಯ ಪಂಚೆಯ ಮೇಲೆ ಬಿತ್ತು. ಕಲ್ಲವ್ವ ಗೋಡೆಗೆ ನಿಂತು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ವೀರವ್ವನಿಗೆ ಕೂದಲನ್ನೂ ನೋಡಲಾಗಲಿಲ್ಲ, ಸೊಸೆಯನ್ನೂ ನೋಡಲಾಗಲಿಲ್ಲ.

ಗುರುಸಂಗಪ್ಪ ಎಣ್ಣೆಯನ್ನೆಲ್ಲ ಒಯ್ದು ತಿಪ್ಪೆಗೆ ಸುರಿದು ಬಂದ. ಆಮೇಲೆ ನಡುಮನೆಯಲ್ಲಿ ನಿಂತು ಹೆಂಡತಿಯ ಮೇಲೆ ಹಾಯ್ದ.

"ನಾಕನೇ ಇಯತ್ತೆ ಕಲ್ತಿದ್ದು ಇದಕ್ಕೇನು? ಮನಿ ಮಗಳ ತಲಿ ಬೋಳಿಸಾಕೇನು?"

"ಲೆಕ್ಕಾ ಸರಿ ಮಾಡೀನಿ ಅಂತ..."

"ಲೆಕ್ಕಾ! ನಾಳೆ ಬೀಗರ ಮುಂದ ಹೇಳು ನಿನ್ನ ಲೆಕ್ಕಾ."

"ನಂದ ತಪ್ಪು," ಕಲ್ಲವ್ವ ಅಂದಳು. "ಪುಡಿ ಹೆಚ್ಚಾಗೇತಿ ಅನಸ್ತೈತಿ. ನಂದ ತಪ್ಪು."

"ಮೊದಲ ತವರಿಗೆ ನಡಿ. ನಿನ್ನ ಮಾರಿ ನೋಡಿದ್ರ ನನ್ನ ಕೈ ಸುಮ್ಮನಿರಂಗಿಲ್ಲ."

ವೀರವ್ವ ಒಲೆಯ ಮುಂದೆ ಕೂತಿದ್ದಳು. ಮಗ ಕೂಗುವಾಗ ಒಮ್ಮೆ ಎದ್ದಳು. ಎದ್ದವಳು ಕೊಡದಿಂದ ನೀರು ಬಗ್ಗಿಸಿ ಕುಡಿದು ಮತ್ತೆ ಕೂತಳು.

ಮುಂಜಾನೆಯ ಬಸ್ಸಿಗೆ ಕಲ್ಲವ್ವ ಹೋದಳು. ಹೋಗುವ ಮುಂಚೆ ಎಲ್ಲರಿಗೂ ರೊಟ್ಟಿ ಮಾಡಿ ಮುಚ್ಚಿಟ್ಟಿದ್ದಳು. ಬಲಗೈಯ ಬೆರಳುಗಳಿಗೆ ಅರಿವೆ ಸುತ್ತಿಕೊಂಡಿದ್ದುದನ್ನು ವೀರವ್ವ ನೋಡಿದಳು. ಹೆಂಚು ಸುಟ್ಟಿರಬೇಕು ಅಂದುಕೊಂಡಳು.

ಜಕ್ಕಲಿಯ ಬೀಗರು ಅದೇ ಮಧ್ಯಾಹ್ನ ಬಂದರು. ವರನ ತಾಯಿ ಸಿದ್ದವ್ವ ಒಳಗೆ ಹೋಗಿ ಚೌಡವ್ವನ ತಲೆಯ ಬಿಳಿ ಅರಿವೆ ಸರಿಸಿ ನೋಡಿ ಹೊರಗೆ ಬಂದಳು. ಹೋಳಿಗೆ ಮಾಡಿಟ್ಟಿದ್ದರೂ ಬೀಗರು ಎಲೆಗೆ ಕೂರಲಿಲ್ಲ, ನೀರು ಮಾತ್ರ ಕುಡಿದರು. "ಕೂದಲ ಬರೂ ಮಟ ನೋಡೋಣರಿ," ಎಂದಳು ಸಿದ್ದವ್ವ. ಆ ಮಾತಿನ ಅರ್ಥ ಮುದಿಯಪ್ಪನಿಗೆ ತಿಳಿಯಿತು. ಕೆಲವು ವಾರ ಕಳೆದ ಮೇಲೆ ಜಕ್ಕಲಿಯ ಪರಶಪ್ಪ ಸಂತೆಗೆ ಬಂದಾಗ ಸುದ್ದಿ ತಂದ: ಹುಡುಗನಿಗೆ ನರೇಗಲ್ಲಿನ ಕಡೆ ಹೆಣ್ಣು ಗೊತ್ತಾಗಿದೆ.

ಮನೆಯಲ್ಲಿ ಮಾತು ಕಡಿಮೆಯಾಯಿತು. ವೀರವ್ವನೇ ರೊಟ್ಟಿ ಬಡಿದಳು, ನೀರು ತಂದಳು, ಗಂಡನ ನೂಲಿಗೆ ಗಂಜಿ ಕಾಸಿದಳು. ಗುರುಸಂಗಪ್ಪ ಮುಂಜಾನೆ ಹೋದರೆ ಊಟಕ್ಕೆ ಮಾತ್ರ ಬರುತ್ತಿದ್ದ. ಯಾರಾದರೂ ಎಣ್ಣೆ ಕೇಳಲು ಬಂದರೆ ವೀರವ್ವ ಬಾಗಿಲಲ್ಲೇ ಇಲ್ಲ ಎನ್ನುತ್ತಿದ್ದಳು.

ಒಂದು ದಿನ ಮುದಿಯಪ್ಪ ಮಗ್ಗ ನಿಲ್ಲಿಸಿ ಕೇಳಿದ. "ಅಕಿ ಎಣ್ಣಿ ಕಾಸೂಮುಂದ ನೀ ಎಲ್ಲಿದ್ದಿ?"

"ಅಲ್ಲೇ ಬಾಗಿಲದಾಗ ಇದ್ದೆ."

"ನೋಡ್ಲಿಲ್ಲನು?"

"ಅಕ್ಕಿ ಹಸನ ಮಾಡಾಕತ್ತಿದ್ದೆ."

ಮುದಿಯಪ್ಪ ಅವಳನ್ನು ನೋಡಿದ. ಇನ್ನೇನೋ ಕೇಳುವವನಂತೆ ಕಂಡ. ಕೇಳದೆ ಲಾಳಿ ಕೈಗೆ ತೆಗೆದುಕೊಂಡ. ಆ ದಿನವೆಲ್ಲ ವೀರವ್ವ ಹೊರಕೋಣೆಯ ಕಡೆ ಸುಳಿಯಲಿಲ್ಲ.

ಚೌಡವ್ವನ ಗಾಯ ನಿಧಾನಕ್ಕೆ ಒಣಗುತ್ತಿತ್ತು. ದಿನವೂ ಬಿಸಿಲು ಬಿದ್ದ ಮೇಲೆ ವೀರವ್ವ ಅವಳನ್ನು ಹಿತ್ತಲಲ್ಲಿ ಕೂರಿಸಿ ದವಾಖಾನೆಯ ಮುಲಾಮು ಹಚ್ಚುತ್ತಿದ್ದಳು. ಸಂಕ್ರಾಂತಿ ಕಳೆದ ವಾರ ಹಾಗೆ ಹಚ್ಚುವಾಗ ಚೌಡವ್ವ ಅಂದಳು:

"ಯವ್ವಾ, ವೈನೀನ ಕರಸು."

"ನಿನ್ನ ತಲಿ ಹಿಂಗ ಮಾಡಿದಾಕೀನ?"

"ಅಕಿ ಬೇಕಂತ ಮಾಡ್ಯಾಳೇನು? ಅಕಿ ಕೈಯಾಗೂ ಬೊಬ್ಬಿ ಎದ್ದಿದ್ವು ಯವ್ವಾ. ನನ್ನ ತಲಿ ತಿಕ್ಕಿದ್ದು ಅದ ಕೈಲೆ ಅಲ್ಲೇನು? ಯಾರಿಗೂ ತೋರಸಬ್ಯಾಡ ಅಂದ್ಲು. ನಿನಗಾಗಿದ್ದರ ಮುಂದ ನಂದೇನು ಅಂದ್ಲು. ಬೊಬ್ಬಿ ಒಡದ ಕೈಲೇ ರೊಟ್ಟಿ ಬಡದು ಇಟ್ಟು ಹ್ವಾದ್ಲು."

ಮುಲಾಮಿನ ಡಬ್ಬಿ ವೀರವ್ವನ ಕೈಯಲ್ಲೇ ಉಳಿಯಿತು. ಅರಿವೆ ಸುತ್ತಿದ ಆ ಬೆರಳುಗಳು ಸುಡು ಸುಡು ರೊಟ್ಟಿಯನ್ನು ಹೆಂಚಿನ ಮೇಲೆ ತಿರುವಿದ್ದು ಕಣ್ಣ ಮುಂದೆ ಬಂತು. ಇಷ್ಟು ದಿನ ಹಿಡಿದಿಟ್ಟದ್ದು ತಾನಾಗಿಯೇ ಬಾಯಿಗೆ ಬಂತು.

"ಚೌಡೀ, ಆ ಪುಡಿ ಹೆಚ್ಚಾಗಿದ್ದು ನಾ ನೋಡಿದ್ದೆ."

"ಯಾವಾಗ?"

"ಹಾಕೂಕಿಂತ ಮೊದ್ಲ."

ಚೌಡವ್ವ ತಿರುಗಿ ತಾಯಿಯ ಮುಖ ನೋಡಿದಳು. "ನೋಡಿ?"

"ಸುಮ್ನಿದ್ದೆ. ಸಾವ್ಕಾರ ಹೊಳ್ಳಿ ಕಳಸ್ತಾನ, ಇಕಿಗೆ ಬುದ್ಧಿ ಬರ್ತೈತಿ ಅಂತ ಸುಮ್ನಿದ್ದೆ. ನಿನ್ನ ತಲಿಗೆ ಬರ್ತೈತಿ ಅಂತ ಗೊತ್ತಿದ್ದಿಲ್ಲವಾ."

"ನನ್ನ ತಲಿ ಅಲ್ಲದಿದ್ರ ಇನ್ಯಾರದರ ತಲಿ ಇರತಿತ್ತಲ್ಲ?"

ರೋಣದಲ್ಲಿ, ಗದಗಿನಲ್ಲಿ ಬಾಟಲಿ ಕೊಳ್ಳುತ್ತಿದ್ದ ಗೊತ್ತಿಲ್ಲದ ಹೆಣ್ಣುಮಕ್ಕಳು ಅವತ್ತೇ ಮೊದಲ ಸಲ ವೀರವ್ವನ ಕಣ್ಣಿಗೆ ಬಂದರು. ಚೌಡವ್ವ ತಾಯಿಯ ಕೈಯಿಂದ ಡಬ್ಬಿ ತೆಗೆದುಕೊಂಡಳು. "ಇನ್ನ ಮ್ಯಾಲೆ ನಾನ ಹಚಗೋತೀನಿ," ಎಂದು ಒಳಗೆ ಹೋದಳು. ಅಂದಿನಿಂದ ತಾಯಿಯ ಜೊತೆ ಮಾತು ಬಿಟ್ಟಳು. ತಾಟು ಹಾಕಿದರೆ ಉಣ್ಣುತ್ತಿದ್ದಳು, ಹಾಕದಿದ್ದರೆ ಕೇಳುತ್ತಿರಲಿಲ್ಲ.

ವಾರ ಹೀಗೇ ಕಳೆಯಿತು. ಒಂದು ಮುಂಜಾನೆ ವೀರವ್ವ ನುಚ್ಚು ಬೇಯಿಸಿಟ್ಟು, "ಬೆಳವಣಕಿಗೆ ಹೋಗಿ ಬರ್ತೀನಿ," ಎಂದು ಗಂಡನಿಗೆ ಹೇಳಿದಳು. ಅವನು ಯಾಕೆ ಎನ್ನಲಿಲ್ಲ. ರೋಣದವರೆಗೆ ಬಸ್ಸು, ಅಲ್ಲಿಂದ ಆ ಕಡೆ ಹೊರಟಿದ್ದ ಯಾರದೋ ಚಕ್ಕಡಿ. ಎರೆಹೊಲದಲ್ಲಿ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಚಕ್ಕಡಿ ಹೊಡೆಯುವವನು ಈ ಸಲದ ಕಡಲೆಯ ಬಗ್ಗೆ ಮಾತಾಡುತ್ತಲೇ ಇದ್ದ. ವೀರವ್ವ ಹೂಂ ಹೂಂ ಎನ್ನುತ್ತಾ ಕೂತಿದ್ದಳು.

ಕಲ್ಲವ್ವನ ತಂದೆ ಹನಮಂತಪ್ಪ ಬೀಗತಿಯನ್ನು ಬಾಗಿಲಲ್ಲಿ ಕಂಡು ಕಕ್ಕಾಬಿಕ್ಕಿಯಾದ. ಆದರೂ ಕಂಬಳಿ ಹಾಸಿ, ಬೆಲ್ಲ ನೀರು ಕೊಟ್ಟ. "ನಮ್ಮ ಹುಡುಗಿ ತಪ್ಪು ಮಾಡ್ಯಾಳರಿ. ನಮಗ ಏನ ಮಾತಾಡಾಕ ಬರ್ತೈತಿ? ನೀವು ದೊಡ್ಡ ಮನಸು ಮಾಡ್ರಿ," ಎಂದ.

"ಬೀಗರ, ನಾ ಮಾತಾಡೂಮಟ ನೀವು ಏನೂ ಅನ್ನಬ್ಯಾಡ್ರಿ," ವೀರವ್ವ ಅಂದಳು. "ಕಲ್ಲವ್ವನ ಕರೀರಿ."

ಕಲ್ಲವ್ವ ಹಿತ್ತಲಿಂದ ಬಂದು ಬಾಗಿಲ ಚೌಕಟ್ಟಿಗೆ ನಿಂತಳು. ಬೆರಳುಗಳ ಮೇಲೆ ಹೊಸ ಚರ್ಮ ಗುಲಾಬಿಯಾಗಿ ಕಾಣುತ್ತಿತ್ತು. ವೀರವ್ವ ಆ ಬೆರಳುಗಳನ್ನೇ ನೋಡುತ್ತಾ ಹೇಳಿದಳು. ಪರಾತದ ಗುಡ್ಡೆ ಕಂಡದ್ದು, ತಿಳಿದದ್ದು, ಬಾಯಿ ಮುಚ್ಚಿಕೊಂಡದ್ದು, ಯಾಕೆ ಮುಚ್ಚಿಕೊಂಡದ್ದು. ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಹನಮಂತಪ್ಪ ಎದ್ದು ಹೊರಗೆ ಹೋಗಿದ್ದ.

ಕಲ್ಲವ್ವ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಅತ್ತಿ, ಪುಡಿ ಹಾಕೂ ಮೊದ್ಲ ನಾ ನಿಮ್ಮ ಕಡೆ ನೋಡಿದ್ದೆ."

"ಗೊತ್ತೈತಿ."

"ಪುಡಿ ಭಾಳ ಆತೇನು ಅಂತ ನನಗೂ ಅಂಜಿಕಿ ಬಂದಿತ್ತರಿ. ಅದಕ್ಕ ನೋಡಿದೆ. ಕೇಳಿದ್ರ ಮತ್ತ ಸಿಟ್ಟಾಗ್ತೀರಿ ಅಂತ ಬಾಯಿಲೆ ಕೇಳಲಿಲ್ಲ. ನೀವು ಏನೂ ಅನ್ನಲಿಲ್ಲ. ಹೆಚ್ಚಾಗಿದ್ರ ಅತ್ತಿ ಸುಮ್ನ ಇರತಿದ್ದಿಲ್ಲ ಅಂತ ನಂಬಿ ಹಾಕಿದೆ. ತೂಕ ನಂಬಿ ಹಾಕಿದ್ದಲ್ಲರಿ ಅದು. ನಿಮ್ಮನ್ನ ನಂಬಿ ಹಾಕಿದ್ದು."

ವೀರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮದುವೆಯಾಗಿ ಬಂದ ಸೊಸೆಯ ಮುಂದೆ ಅವಳು ಅತ್ತದ್ದು ಅದೇ ಮೊದಲು. ಕಲ್ಲವ್ವ ಹತ್ತಿರ ಬರಲಿಲ್ಲ, ಒಳಗೂ ಹೋಗಲಿಲ್ಲ.

"ಮನಿಗೆ ಬಾರವಾ," ವೀರವ್ವ ಕೊನೆಗೆ ಅಂದಳು.

"ಬರ್ತೀನ್ರಿ. ಚೌಡವ್ವನ ನೋಡಬೇಕು ನನಗ. ಆದ್ರ ಈಗ ನನ್ನ ಮುಂದ ಹೇಳಿದ್ದನ್ನ ನಿಮ್ಮ ಮಗನ ಮುಂದ ನೀವ ಹೇಳಬೇಕು. ನಾ ಹೇಳಂಗಿಲ್ಲ. ನೀವು ಹೇಳದಿದ್ರ ಆ ಮನ್ಯಾಗ ನಾ ಸಾಯೂ ಮಟ ಹುಡುಗಿ ತಲಿ ಬೋಳಿಸಿದಾಕಿ ಆಗೇ ಇರ್ತೀನಿ."

"ಹೇಳ್ತೀನಿ."

ಮರುದಿನ ಇಬ್ಬರೂ ಗಜೇಂದ್ರಗಡಕ್ಕೆ ಬಂದಾಗ ದೀಪ ಹಚ್ಚುವ ಹೊತ್ತು. ಚೌಡವ್ವ ವೈನಿಯ ಕೊರಳು ಹಿಡಿದು ಅತ್ತಳು. ತಲೆ ಬೋಳಿಸಿದ ದಿನ ಅಳದವಳು ಅವತ್ತು ಅತ್ತಳು. ಕಲ್ಲವ್ವ ಒಲೆ ಹಚ್ಚಿದಳು. ಗುರುಸಂಗಪ್ಪ ಬಂದು ಹೆಂಡತಿಯನ್ನು ಕಂಡು ಹುಬ್ಬು ಗಂಟಿಕ್ಕಿದ. "ಯಾರು ಕರದ್ರು ಇಕೀನ?"

"ನಾ ಕರಕೊಂಡು ಬಂದೆ. ಉಣ್ಣಾಕ ಕೂಡು," ವೀರವ್ವ ಅಂದಳು.

ಅಪ್ಪ ಮಗ ತಾಟಿಗೆ ಕೂತರು. ರೊಟ್ಟಿ, ಝುಣಕ, ಗುರೆಳ್ಳು ಚಟ್ನಿ. ಗುರುಸಂಗಪ್ಪ ಮೊದಲನೇ ತುತ್ತು ಬಾಯಿಗಿಡುವಾಗ ವೀರವ್ವ ಕಂಬದ ಹತ್ತಿರ ನಿಂತು ಹೇಳಲು ಶುರುಮಾಡಿದಳು. ಬೆಳವಣಕಿಯಲ್ಲಿ ಹೇಳಿದ್ದಕ್ಕಿಂತ ಇಲ್ಲಿ ಹೇಳುವುದು ಕಷ್ಟವಾಯಿತು. ನಡುವೆ ಎರಡು ಸಲ ನಿಂತಳು. ಗುರುಸಂಗಪ್ಪ ತುತ್ತನ್ನು ತಾಟಿಗೆ ಹಾಕಿ ಎದ್ದ.

"ಗುರುಸಂಗಾ, ಕೂಡು," ಮುದಿಯಪ್ಪ ಅಂದ. "ನಿಮ್ಮವ್ವ ಹೇಳೂದು ಮುಗಸ್ಲಿ."

ಅವನು ನಿಂತೇ ಕೇಳಿದ. ಮುಗಿದ ಮೇಲೆ ಒಂದು ಸಲ ತಾಯಿಯ ಕಡೆ, ಒಂದು ಸಲ ಒಲೆಯ ಮುಂದಿದ್ದ ಹೆಂಡತಿಯ ಕಡೆ ನೋಡಿದ. ಬೈಯಲು ಬಾಯಿ ತೆರೆದ. ಯಾರನ್ನು ಬೈಯಬೇಕೆಂದು ಅವನಿಗೇ ತಿಳಿಯಲಿಲ್ಲವೇನೋ. ಹೆಂಡತಿಯ ಬಲಗೈಯ ಬೆರಳುಗಳ ಮೇಲೆ ಅವನ ಕಣ್ಣು ನಿಂತಿತು.

"ನಿನ್ನ ಕೈಗೇನಾಗೇತಿ?"

"ವಾಸಿ ಆಗೇತ್ರಿ," ಎಂದಳು ಕಲ್ಲವ್ವ.

ಗುರುಸಂಗಪ್ಪ ಕೈ ತೊಳೆದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಮುದಿಯಪ್ಪ ತಾಟಿನಲ್ಲಿದ್ದದ್ದನ್ನು ಮುಗಿಸಿದ. ಹೆಂಡತಿಯ ಕಡೆ ನೋಡದೆ ಎದ್ದು ಹೋಗಿ ಮಗನ ಪಕ್ಕದಲ್ಲಿ ಕೂತ.

ವೀರವ್ವ ಕಂಬ ಬಿಟ್ಟು ಗೋಡೆಯ ಬುಡದಲ್ಲಿ ಕುಸಿದು ಕೂತಳು. ಈ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ತನಗೆ ತಾನೇ ಬಡಿಸಿಕೊಂಡು ಉಣ್ಣುವುದು ಅವಳ ರೂಢಿ. ಇವತ್ತು ರೊಟ್ಟಿಯ ಬುಟ್ಟಿಗೆ ಕೈ ಹಾಕುವ ಧೈರ್ಯ ಬರಲಿಲ್ಲ.

ಒಳಕೋಣೆಯ ಬಾಗಿಲಲ್ಲಿ ಚೌಡವ್ವ ಬಂದು ನಿಂತಳು. ಬಿಳಿ ಅರಿವೆಯ ಅಂಚಿನಲ್ಲಿ ಹಣೆಯ ಮೇಲೆ ಎಳೆ ಕೂದಲು ಮೂಡಿದ್ದು ದೀಪಕ್ಕೆ ಕಾಣುತ್ತಿತ್ತು. ಅವಳು ತಾಯಿಯ ಕಡೆ ನೋಡಲಿಲ್ಲ.

"ವೈನೀ," ಎಂದಳು, "ಯವ್ವ ಮುಂಜಾನಿಂದ ಏನೂ ತಿಂದಿರಲಿಕ್ಕಿಲ್ಲ. ಆಕಿಗೂ ಹಾಕು."

ಕಲ್ಲವ್ವ ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿ, ಉಬ್ಬಿದ ಮೇಲೆ ತೆಗೆದು, ತಾಟಿಗೆ ಹಾಕಿ ಅತ್ತೆಯ ಮುಂದೆ ಇಟ್ಟಳು.